ದೇವರ ಮೇಲೆ ದಾವೆ ಹೂಡಿದ ಶಾಸಕ 46 ವರ್ಷ ಸದನದಲ್ಲಿ ಉಳಿದದ್ದು ಹೇಗೆ?

ಪ್ರಶ್ನೆ: ಅಮೆರಿಕದ ನೆಬ್ರಾಸ್ಕಾ ರಾಜ್ಯದ ಅರ್ನಿ ಚೇಂಬರ್ಸ್ ಎಂಬ ಶಾಸಕರು ದೇವರ ಮೇಲೆಯೇ ಮೊಕದ್ದಮೆ ಹೂಡಿದ್ದರಂತೆ. ಅದೇ ಮನುಷ್ಯ 46 ವರ್ಷ ಶಾಸಕರಾಗಿದ್ದರು, ಯಾವ ಪಕ್ಷಕ್ಕೂ ಸೇರಿರಲಿಲ್ಲ ಎಂದೂ ಓದಿದೆ. ಪಕ್ಷದ ಬಲವಿಲ್ಲದ ಒಬ್ಬಂಟಿ ಅಷ್ಟು ವರ್ಷ ಗೆಲ್ಲುವುದು ಹೇಗೆ? ಗೆದ್ದರೂ, ಸದ್ದು ಮಾಡಿದ್ದು ಬಿಟ್ಟರೆ ಕೆಲಸವೇನಾದರೂ ಆಯಿತೇ? (ಓದುಗರೊಬ್ಬರು, ಹಾಸನ)

ಉತ್ತರ: ದೇವರ ಮೇಲಿನ ಮೊಕದ್ದಮೆ ನಿಜ. ಎಲ್ಲರೂ ಮೊದಲು ಅದನ್ನೇ ಕೇಳುವುದರಿಂದ ಅದನ್ನು ಮುಗಿಸಿಬಿಡೋಣ. 2007ರ ಸೆಪ್ಟೆಂಬರ್‌ನಲ್ಲಿ ಒಮಾಹಾ ನಗರವಿರುವ ಡಗ್ಲಸ್ ಕೌಂಟಿಯ ನ್ಯಾಯಾಲಯಕ್ಕೆ ಚೇಂಬರ್ಸ್ ಅರ್ಜಿ ಹಾಕಿದರು. ಪ್ರತಿವಾದಿ ದೇವರು. ಪ್ರವಾಹ, ಭೂಕಂಪ, ಚಂಡಮಾರುತ, ಕ್ಷಾಮಗಳಿಂದ ಜನರನ್ನು ಬೆದರಿಸುತ್ತಿರುವುದು ಆರೋಪ. ಇನ್ನು ಮುಂದೆ ಹಾಗೆ ಮಾಡದಂತೆ ಶಾಶ್ವತ ತಡೆಯಾಜ್ಞೆ ಕೊಡಿ ಎಂಬುದು ಕೋರಿಕೆ. ಕ್ಷುಲ್ಲಕ ದಾವೆಗಳಿಗೆ ಕಡಿವಾಣ ಹಾಕಬೇಕೆಂಬ ಮಾತು ಆಗ ಅಲ್ಲಿ ನಡೆದಿತ್ತು. ನ್ಯಾಯಾಲಯದ ಬಾಗಿಲು ಎಲ್ಲರಿಗೂ ತೆರೆದಿರಬೇಕು, ಯಾರು ಯಾರ ಮೇಲೆ ದಾವೆ ಹೂಡಬಹುದೆಂದು ಶಾಸಕಾಂಗ ಮೊದಲೇ ತೀರ್ಮಾನಿಸಬಾರದು ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಮರುವರ್ಷದ ಅಕ್ಟೋಬರ್‌ನಲ್ಲಿ ನ್ಯಾಯಾಧೀಶರು ಅರ್ಜಿಯನ್ನು ವಜಾ ಮಾಡಿದರು. ಕಾರಣ ಶುದ್ಧ ತಾಂತ್ರಿಕ: ಪ್ರತಿವಾದಿಯ ವಿಳಾಸವಿಲ್ಲ, ನೋಟಿಸ್ ಜಾರಿಯಾಗಿಲ್ಲ. ಚೇಂಬರ್ಸ್ ಅಷ್ಟಕ್ಕೆ ಬಿಡುವವರಲ್ಲ. ಪ್ರತಿವಾದಿ ಇದ್ದಾನೆಂದು ನ್ಯಾಯಾಲಯವೇ ಒಪ್ಪಿದ ಹಾಗಾಯಿತು, ದೇವರು ಸರ್ವಜ್ಞನಾದ್ದರಿಂದ ಈ ಮೊಕದ್ದಮೆಯೂ ಅವನಿಗೆ ಗೊತ್ತೇ ಇರುತ್ತದೆ, ಬೇರೆ ನೋಟಿಸ್ ಯಾಕೆ ಎಂದು ವಾದಿಸಿದರು.

ಈ ಪ್ರಕರಣ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ನನ್ನ ಪ್ರಕಾರ ಅವರ ವೃತ್ತಿಬದುಕಿನಲ್ಲಿ ಇದಕ್ಕೆ ಸಲ್ಲಬೇಕಾದ ಜಾಗ ಚಿಕ್ಕದು. ಆದರೆ ಒಂದು ಗುಣವನ್ನು ಇದು ಸರಿಯಾಗಿ ತೋರಿಸುತ್ತದೆ. ಅವರು ನಿಯಮಾವಳಿಯನ್ನು ಅಕ್ಷರಶಃ ಓದುತ್ತಿದ್ದರು, ಓದಿದ್ದನ್ನು ಕೊನೆಯ ಅಲ್ಪವಿರಾಮದವರೆಗೂ ಬಳಸುತ್ತಿದ್ದರು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಹುಟ್ಟಿದ್ದು 1937ರಲ್ಲಿ, ಒಮಾಹಾದಲ್ಲಿ. ತಂದೆ ಚರ್ಚಿನ ಬೋಧಕರು. ನೆಬ್ರಾಸ್ಕಾ ಎಂದರೆ ಜೋಳದ ಹೊಲ, ದನಗಳ ಫಾರಂ, ಬಹುಪಾಲು ಬಿಳಿಯರು, ಬಹುಪಾಲು ಸಂಪ್ರದಾಯವಾದಿಗಳು. ಒಮಾಹಾದ ಉತ್ತರ ಭಾಗ ಮಾತ್ರ ಕರಿಯರ ವಸತಿ. ಬೇರೆ ಬಡಾವಣೆಗಳಲ್ಲಿ ಅವರಿಗೆ ಮನೆ ಸಿಗದಂತೆ ದಶಕಗಳ ಕಾಲ ನೋಡಿಕೊಂಡದ್ದರ ಫಲ ಅದು. ಚೇಂಬರ್ಸ್ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದರು. ಮೇಲಧಿಕಾರಿಗಳಿಗೆ ಅವಿಧೇಯರಾದರೆಂದು 1963ರಲ್ಲಿ ಅವರನ್ನು ತೆಗೆದುಹಾಕಿದರು. ಅನಂತರ 24ನೇ ಬೀದಿಯ ಆಸುಪಾಸಿನ ಕ್ಷೌರದಂಗಡಿಯೊಂದರಲ್ಲಿ ಕತ್ತರಿ ಹಿಡಿದರು. ಒಮಾಹಾದ ಲೂಥರನ್ ಚರ್ಚೊಂದು ಕರಿಯರ ಜೊತೆ ಸಂಪರ್ಕ ಬೆಳೆಸಲು ಹೋಗಿ ಒಡೆದದ್ದನ್ನು ಚಿತ್ರಿಸಿದ 1966ರ ಸಾಕ್ಷ್ಯಚಿತ್ರವೊಂದಿದೆ. ಅದರಲ್ಲಿ ಒಬ್ಬ ಬಿಳಿಯ ಪಾದ್ರಿ ಈ ಅಂಗಡಿಗೆ ಬರುತ್ತಾರೆ. ಗಿರಾಕಿಯ ತಲೆಗೂದಲು ಕತ್ತರಿಸುತ್ತಲೇ, ದನಿ ಏರಿಸದೆ, ತಡವರಿಸದೆ, ಆ ಪಾದ್ರಿಗೆ ಅವರ ಧರ್ಮ ಕರಿಯರಿಗೆ ಏನು ಮಾಡಿದೆ ಎಂದು ಹೇಳುವ ಇಪ್ಪತ್ತೆಂಟು ಇಪ್ಪತ್ತೊಂಬತ್ತರ ಯುವಕ ಚೇಂಬರ್ಸ್. ಪಾದ್ರಿಗೆ ಉತ್ತರ ಕೊಡಲು ಹೊಳೆಯುವುದಿಲ್ಲ. ಮುಂದಿನ ಅರ್ಧ ಶತಮಾನ ಸದನದಲ್ಲಿ ಅನೇಕರ ಪಾಡು ಅದೇ ಆಯಿತು.

1960ರ ದಶಕದ ಮಧ್ಯದಲ್ಲಿ ಉತ್ತರ ಒಮಾಹಾದಲ್ಲಿ ಗಲಭೆಗಳಾದಾಗ ನಗರದ ಅಧಿಕಾರಿಗಳೊಡನೆ ಮಾತುಕತೆಗೆ ಕೂತವರಲ್ಲಿ ಅವರೂ ಒಬ್ಬರು. 1970ರ ಚುನಾವಣೆಯಲ್ಲಿ 11ನೇ ಕ್ಷೇತ್ರದಿಂದ ನಿಂತು ಗೆದ್ದರು. 1971ರ ಜನವರಿಯಲ್ಲಿ ಸದನ ಪ್ರವೇಶಿಸಿದರು. 2009ರವರೆಗೆ ಸತತ 38 ವರ್ಷ, ಮತ್ತೆ 2013ರಿಂದ 2021ರವರೆಗೆ 8 ವರ್ಷ, ಹೀಗೆ ಒಟ್ಟು 46. ಆ ರಾಜ್ಯದ ಇತಿಹಾಸದಲ್ಲಿ ಅಷ್ಟು ದೀರ್ಘ ಕಾಲ ಶಾಸಕರಾಗಿದ್ದವರು ಬೇರೊಬ್ಬರಿಲ್ಲ. ಮೊದಲ 38 ವರ್ಷಗಳಲ್ಲಿ ಬಹುಪಾಲು ಕಾಲ ಇಡೀ ಸದನದಲ್ಲಿ ಅವರೊಬ್ಬರೇ ಕರಿಯ ಸದಸ್ಯ.

ಈಗ ಗೆದ್ದದ್ದು ಹೇಗೆ ಎಂಬ ಮಾತು. ಇದರಲ್ಲಿ ಪವಾಡವೇನೂ ಇಲ್ಲ. ನೆಬ್ರಾಸ್ಕಾದ ಶಾಸಕಾಂಗ ಅಮೆರಿಕದಲ್ಲೇ ಬೇರೆ ಥರದ್ದು. ಉಳಿದ 49 ರಾಜ್ಯಗಳಲ್ಲಿ ಎರಡೆರಡು ಸದನಗಳಿದ್ದರೆ ಇಲ್ಲಿ ಒಂದೇ. ಜಾರ್ಜ್ ನಾರಿಸ್ ಎಂಬ ಸಂಸತ್ ಸದಸ್ಯರು ಹಟ ಹಿಡಿದು ಪ್ರಚಾರ ಮಾಡಿದ್ದರಿಂದ 1934ರಲ್ಲಿ ಜನ ಮತ ಹಾಕಿ ಎರಡನೇ ಸದನವನ್ನು ರದ್ದು ಮಾಡಿದರು. 1937ರಿಂದ ಏಕಸದನ. ಈಗ ಅದರಲ್ಲಿ 49 ಸದಸ್ಯರಿದ್ದಾರೆ. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ ಪಕ್ಷದ ಹೆಸರಿರುವುದಿಲ್ಲ. ಸದನದೊಳಗೆ ಪಕ್ಷವಾರು ಆಸನವಿಲ್ಲ, ಆಡಳಿತ ಪಕ್ಷದ ನಾಯಕ, ವಿರೋಧ ಪಕ್ಷದ ನಾಯಕ ಎಂಬ ಹುದ್ದೆಗಳಿಲ್ಲ, ವಿಪ್ ಇಲ್ಲ. ಸಮಿತಿಗಳ ಅಧ್ಯಕ್ಷರನ್ನು ಎಲ್ಲ ಸದಸ್ಯರೂ ಸೇರಿ ಗುಪ್ತ ಮತದಾನದಿಂದ ಆರಿಸುತ್ತಾರೆ. ಯಾರು ಯಾವ ಪಕ್ಷದ ಕಡೆಯವರೆಂದು ಎಲ್ಲರಿಗೂ ಗೊತ್ತಿರುತ್ತದೆ, ಅದು ಬೇರೆ ಮಾತು. ಆದರೂ ಅಲ್ಲಿ ಪಕ್ಷವಿಲ್ಲದವನು ಅನಾಥನಲ್ಲ. ವಿಪ್ ಉಲ್ಲಂಘಿಸಿದರೆ ಸದಸ್ಯತ್ವವೇ ಹೋಗಬಹುದಾದ ನಮ್ಮ ವಿಧಾನಸಭೆಯ ಕಣ್ಣಿನಿಂದ ನೋಡಿದರೆ ಇದು ಸುಲಭವಾಗಿ ಹೊಳೆಯುವುದಿಲ್ಲ.

ಕ್ಷೇತ್ರವೂ ಚಿಕ್ಕದು. ಇಂದಿಗೂ ಒಂದು ಕ್ಷೇತ್ರದ ಒಟ್ಟು ಜನಸಂಖ್ಯೆ ನಲವತ್ತು ಸಾವಿರದ ಆಸುಪಾಸು. ನಮ್ಮಲ್ಲಿ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಎರಡು ಲಕ್ಷ ಮತದಾರರಿರುವುದು ಸಾಮಾನ್ಯ. ಕ್ಷೌರದಂಗಡಿಯಲ್ಲಿ ಕೂತು ಊರಿನ ಕಷ್ಟ ಕೇಳಿದವನಿಗೆ ಅಷ್ಟು ಜನರನ್ನು ತಲುಪಲು ಬ್ಯಾನರ್ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಪೊಲೀಸರು ಹೊಡೆದರೆ, ಶಾಲೆಯಿಂದ ಮಗುವನ್ನು ಹೊರಗಟ್ಟಿದರೆ ಜನ ಅವರ ಬಳಿ ಬರುತ್ತಿದ್ದರು. ಶಾಸಕರ ಸಂಬಳ ವರ್ಷಕ್ಕೆ 12,000 ಡಾಲರ್, ಅಂದರೆ ತಿಂಗಳಿಗೆ ಸಾವಿರ. 1988ರಲ್ಲಿ ಜನ ಮತ ಹಾಕಿ ನಿಗದಿ ಮಾಡಿದ ಮೊತ್ತ. ಅಷ್ಟರಲ್ಲಿ ಸಂಸಾರ ನಡೆಯುವುದಿಲ್ಲವಾದ್ದರಿಂದ ಹೆಚ್ಚಿನ ಶಾಸಕರು ಜಮೀನ್ದಾರರು, ವಕೀಲರು, ನಿವೃತ್ತರು, ವ್ಯಾಪಾರಿಗಳು. ಅವರಿಗೆಲ್ಲ ಬೇರೆ ಕೆಲಸವಿರುತ್ತದೆ. ಚೇಂಬರ್ಸ್ ಅವರಿಗೆ ಇದೇ ಕೆಲಸ. ಕ್ರೈಟನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಮುಗಿಸಿದರೂ ಅವರು ವಕೀಲಿಕೆಗೆ ಇಳಿಯಲಿಲ್ಲ. ವಕೀಲರ ಸಂಘದ ಸದಸ್ಯತ್ವ ಕಡ್ಡಾಯ ಎಂಬ ನಿಯಮವನ್ನೇ ಅವರು ಒಪ್ಪಲಿಲ್ಲ. ಲಾಬಿ ಮಾಡುವವರು ಕೊಡುವ ಊಟಕ್ಕೆ ಹೋಗುತ್ತಿರಲಿಲ್ಲ. ಸೂಟು ಟೈ ಬಿಟ್ಟು ಜೀನ್ಸ್ ಮತ್ತು ತೋಳು ಗಿಡ್ಡದ ಸ್ವೆಟ್‌ಶರ್ಟ್ ಹಾಕಿಕೊಂಡು ಅಧಿವೇಶನದ ದಿನಗಳಲ್ಲಿ ಒಮಾಹಾದಿಂದ ರಾಜಧಾನಿ ಲಿಂಕನ್‌ಗೆ ಸುಮಾರು 80 ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದು ಹೋಗುತ್ತಿದ್ದರು.

ಗೆಲುವಿನ ಕಥೆ ಇಷ್ಟೇ. ಗೆದ್ದ ಮೇಲೆ 49ರಲ್ಲಿ ಒಂದೇ ಮತ ಇಟ್ಟುಕೊಂಡು ಏನು ಮಾಡುವುದು ಎಂಬುದೇ ನಿಜವಾದ ಪ್ರಶ್ನೆ. ಅಲ್ಲಿಯೇ ಅವರ ಕಸುಬುದಾರಿಕೆ ಕಾಣುವುದು.

ನೆಬ್ರಾಸ್ಕಾ ಸದನಕ್ಕೆ ಸಂವಿಧಾನವೇ ದಿನಗಳನ್ನು ಎಣಿಸಿ ಕೊಟ್ಟಿದೆ: ಬೆಸ ಸಂಖ್ಯೆಯ ವರ್ಷ 90 ದಿನ, ಸಮ ಸಂಖ್ಯೆಯ ವರ್ಷ 60 ದಿನ. ಅಷ್ಟರೊಳಗೆ ಬಜೆಟ್ ಆಗಬೇಕು. ಪ್ರತಿಯೊಂದು ಮಸೂದೆಗೂ ಸಮಿತಿಯಲ್ಲಿ ಸಾರ್ವಜನಿಕ ವಿಚಾರಣೆ ನಡೆಯಬೇಕು. ಆಮೇಲೆ ಸದನದಲ್ಲಿ ಮೂರು ಹಂತ: ಮೊದಲ ಸುತ್ತಿನ ಚರ್ಚೆ, ಎರಡನೇ ಸುತ್ತಿನ ಚರ್ಚೆ, ಅಂತಿಮ ವಾಚನ. ಯಾವ ಹಂತದಲ್ಲಾದರೂ ಒಬ್ಬ ಸದಸ್ಯ ತಿದ್ದುಪಡಿ ತರಬಹುದು, ಮಸೂದೆಯನ್ನು ಸಮಿತಿಗೆ ವಾಪಸ್ ಕಳಿಸಿ ಎನ್ನಬಹುದು, ಇಂಥ ದಿನದವರೆಗೆ ಮುಂದೂಡಿ ಎನ್ನಬಹುದು. ಪ್ರತಿ ಸೂಚನೆಗೂ ಚರ್ಚೆ, ಪ್ರತಿ ಚರ್ಚೆಗೂ ಹೊತ್ತು. ಹೀಗೆ ಮಾತಿನಿಂದಲೇ ಮಸೂದೆಯ ಉಸಿರು ಕಟ್ಟಿಸುವುದಕ್ಕೆ ಅಮೆರಿಕದಲ್ಲಿ ಫಿಲಿಬಸ್ಟರ್ ಎನ್ನುತ್ತಾರೆ. ಅದನ್ನು ಮುರಿದು ಮತಕ್ಕೆ ಹಾಕಲು 33 ಮತ ಬೇಕು.

ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಚೆನ್ನಾಗಿ ಕಂಡುಕೊಂಡವರು ಚೇಂಬರ್ಸ್. ಆ ಸದನದಲ್ಲಿ ಮತಕ್ಕಿಂತ ಅಪರೂಪದ ಸರಕು ಸಮಯ. ಸಂಜೆಯ ಸಂತೆಯಲ್ಲಿ ಸೊಪ್ಪಿನ ಬೆಲೆ ಇಳಿಯುತ್ತದೆ. ಅಧಿವೇಶನದ ಕೊನೆಯ ವಾರಗಳಲ್ಲಿ ಚೇಂಬರ್ಸ್ ಅವರ ಮೌನದ ಬೆಲೆ ಮಾತ್ರ ಏರುತ್ತಿತ್ತು. ನೀರಾವರಿಯ ಮಸೂದೆ, ರಸ್ತೆಯ ಮಸೂದೆ, ಯಾವುದೋ ಊರಿನ ತೆರಿಗೆಯ ಮಸೂದೆ, ಇವನ್ನೆಲ್ಲ ಹಿಡಿದು ಸದಸ್ಯರು ಸಾಲಾಗಿ ಕಾದಿರುವಾಗ ಒಬ್ಬ ಮನುಷ್ಯ ಎದ್ದು ನಿಂತು ಮೊದಲನೆಯದರ ಮೇಲೆ ಹತ್ತು ತಿದ್ದುಪಡಿ ತಂದರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಆಗ ಮಸೂದೆಯ ಒಡೆಯ ಬಂದು ಏನು ಬದಲಾಯಿಸಬೇಕು ಹೇಳಿ ಎನ್ನುತ್ತಾನೆ. ಅವರಿಗೆ ಒಂದು ಮತವಿತ್ತು ನಿಜ. ಆದರೆ ಉಳಿದ 48 ಜನರ ಗಡಿಯಾರ ಅವರ ಕೈಯಲ್ಲಿತ್ತು.

ಇದಕ್ಕೆ ಬರೀ ಗಂಟಲು ಸಾಲದು. ಬೇರೆಯವರು ಸಾರಾಂಶ ಓದಿ ಮತ ಹಾಕುವ ಮಸೂದೆಗಳನ್ನು ಇವರು ಸಾಲು ಸಾಲಾಗಿ ಓದಿ ಬರುತ್ತಿದ್ದರು. ಎಲ್ಲಿ ಕರಡು ಸೋತಿದೆ, ಯಾವ ಕಲಮು ಹಳೆಯ ಕಾನೂನಿಗೆ ಡಿಕ್ಕಿ ಹೊಡೆಯುತ್ತದೆ ಎಂದು ಮಂಡಿಸಿದವನಿಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತಿತ್ತು. ಎಷ್ಟೋ ಕೆಟ್ಟ ಮಸೂದೆಗಳು ಅವರ ಭಯದಿಂದಲೇ ಸದನಕ್ಕೆ ಬರುವ ಮೊದಲು ರಿಪೇರಿಯಾದವು ಎನ್ನುವ ಮಾತು ಅಲ್ಲಿ ಇದೆ. ಇದನ್ನು ಅಳೆಯಲು ಬರುವುದಿಲ್ಲ, ಆದರೆ ನಂಬದಿರಲು ಕಾರಣವಿಲ್ಲ.

ಸಾಧನೆ ಏನು ಎಂದಿರಿ. ಪಟ್ಟಿ ಮಾಡುತ್ತಾ ಹೋದರೆ ಉದ್ದವಾಗುತ್ತದೆ, ನನಗೆ ಮುಖ್ಯವೆನಿಸಿದ್ದನ್ನು ಹೇಳುತ್ತೇನೆ. ಒಮಾಹಾ ನಗರಸಭೆಗೆ ಇಡೀ ಊರು ಒಟ್ಟಾಗಿ ಮತ ಹಾಕುತ್ತಿದ್ದ ಪದ್ಧತಿ ಹೋಗಿ ವಾರ್ಡುವಾರು ಚುನಾವಣೆ ಬಂದದ್ದು ಅವರ ಪ್ರಯತ್ನದಿಂದ. ಅದಾದ ಮೇಲೆಯೇ ಕರಿಯರೊಬ್ಬರು ನಗರಸಭೆಗೆ ಆಯ್ಕೆಯಾಗಲು ಸಾಧ್ಯವಾಯಿತು. ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದನ್ನು 1988ರಲ್ಲಿ ನಿಷೇಧಿಸಲಾಯಿತು, ಅದರ ಹಿಂದೆಯೂ ಅವರೇ ಇದ್ದರು. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದೊಡನೆ ವ್ಯವಹರಿಸುವ ಕಂಪನಿಗಳಿಂದ ರಾಜ್ಯದ ಹೂಡಿಕೆ ಹಿಂತೆಗೆಯಬೇಕೆಂದು 1980ರಲ್ಲೇ ಸದನದಿಂದ ನಿರ್ಣಯ ಮಾಡಿಸಿದರು. ಅಮೆರಿಕದ ದೊಡ್ಡ ದೊಡ್ಡ ರಾಜ್ಯಗಳು ಎಚ್ಚೆತ್ತದ್ದು ಆಮೇಲೆ. ಕರಿಯರು ಬೆರಳೆಣಿಕೆಯಷ್ಟಿರುವ ರಾಜ್ಯದಿಂದ ಅಂಥ ನಿರ್ಣಯ ಹೊರಬಿದ್ದದ್ದನ್ನು ಗಮನಿಸಿ.

ಇನ್ನೊಂದನ್ನು ಹೇಳದಿದ್ದರೆ ನೆಬ್ರಾಸ್ಕಾದ ಜನ ನನ್ನನ್ನು ಕ್ಷಮಿಸುವುದಿಲ್ಲ. ಅಲ್ಲಿ ಅಮೆರಿಕನ್ ಫುಟ್‌ಬಾಲ್ ಎಂದರೆ ಅರ್ಧ ಧರ್ಮ. ಲಿಂಕನ್ನಿನ ವಿಶ್ವವಿದ್ಯಾಲಯದ ತಂಡ ತವರಲ್ಲಿ ಆಡಿದ ಪ್ರತಿ ಪಂದ್ಯದ ಟಿಕೆಟ್‌ಗಳು 1962ರಿಂದ ಪೂರ್ತಿ ಮಾರಾಟವಾಗಿವೆ. ಕೋಚ್‌ಗೆ ದುಡ್ಡು, ಟಿವಿಗೆ ದುಡ್ಡು, ವಿಶ್ವವಿದ್ಯಾಲಯಕ್ಕೆ ದುಡ್ಡು, ಮೈದಾನದಲ್ಲಿ ಮೂಳೆ ಮುರಿದುಕೊಳ್ಳುವ ಹುಡುಗರಿಗೆ ಮಾತ್ರ ಇಲ್ಲ ಎಂದು ಚೇಂಬರ್ಸ್ 1980ರ ದಶಕದಿಂದಲೇ ಮಸೂದೆ ತರುತ್ತಿದ್ದರು. 1988ರಲ್ಲಿ ಸದನ ಒಪ್ಪಿತು. ಗವರ್ನರ್ ಕೇ ಆರ್ (ಅಲ್ಲಿ ಗವರ್ನರ್ ಜನರಿಂದ ಆಯ್ಕೆಯಾದವರು, ನಮ್ಮ ಮುಖ್ಯಮಂತ್ರಿಯ ಸ್ಥಾನದವರು) ವೀಟೊ ಹಾಕಿದರು. 2003ರಲ್ಲಿ ಮತ್ತೆ ಒಪ್ಪಿತು, ಆಗಿನ ಗವರ್ನರ್ ಸಹಿಯನ್ನೂ ಹಾಕಿದರು, ಆದರೆ ಬೇರೆ ಕೆಲವು ರಾಜ್ಯಗಳೂ ಹಾಗೆಯೇ ಮಾಡಿದರೆ ಮಾತ್ರ ಎಂಬ ಷರತ್ತಿತ್ತು. ಅವು ಮಾಡಲಿಲ್ಲ. ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು ಎಂದು ಇಡೀ ದೇಶ ಒಪ್ಪಿದ್ದು 2021ರ ಜುಲೈನಲ್ಲಿ. ಅಷ್ಟರಲ್ಲಿ ಚೇಂಬರ್ಸ್ ಸದನ ಬಿಟ್ಟು ಆರು ತಿಂಗಳಾಗಿತ್ತು.

ಅವರ ಹೆಸರು ಕಾನೂನು ಪುಸ್ತಕಗಳಲ್ಲಿ ಉಳಿದಿರುವುದು ಮಾತ್ರ ಒಂದು ಸೋಲಿನಿಂದ. ಸದನದ ಕಲಾಪ ಪ್ರತಿದಿನ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ರಾಬರ್ಟ್ ಪಾಮರ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ 1965ರಿಂದ ಅದನ್ನು ನಡೆಸುತ್ತಿದ್ದರು. ಅಧಿವೇಶನ ನಡೆಯುವ ತಿಂಗಳುಗಳಲ್ಲಿ ಅವರಿಗೆ ಖಜಾನೆಯಿಂದ ಸಂಬಳ, ತಿಂಗಳಿಗೆ 319 ಡಾಲರ್ 75 ಸೆಂಟ್. ಸರ್ಕಾರ ಧರ್ಮವನ್ನು ಪೋಷಿಸಬಾರದೆಂಬ ಸಂವಿಧಾನದ ಮಾತಿಗೆ ಇದು ವಿರುದ್ಧ ಎಂದು ಚೇಂಬರ್ಸ್ ದಾವೆ ಹೂಡಿದರು. ಕೆಳಗಿನ ನ್ಯಾಯಾಲಯ ಪ್ರಾರ್ಥನೆ ಇರಲಿ, ಸಂಬಳ ಬೇಡ ಎಂದಿತು. ಮೇಲ್ಮನವಿ ನ್ಯಾಯಾಲಯ ಇಡೀ ಪದ್ಧತಿಯೇ ತಪ್ಪು ಎಂದಿತು. ಸುಪ್ರೀಂ ಕೋರ್ಟ್ 1983ರಲ್ಲಿ ಆರು ಮೂರರ ಬಹುಮತದಿಂದ ಎರಡನ್ನೂ ಬದಿಗಿಟ್ಟು, ದೇಶದ ಮೊದಲ ಸಂಸತ್ತೇ ಪಾದ್ರಿಯನ್ನು ನೇಮಿಸಿಕೊಂಡಿತ್ತು, ಇದು ಹಳೆಯ ಸಂಪ್ರದಾಯ, ತಪ್ಪಿಲ್ಲ ಎಂದಿತು. ಮಾರ್ಷ್ ವಿರುದ್ಧ ಚೇಂಬರ್ಸ್ ಎಂಬ ಈ ತೀರ್ಪನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ. 2014ರಲ್ಲಿ ಪಟ್ಟಣ ಸಭೆಗಳ ಪ್ರಾರ್ಥನೆಯನ್ನು ಎತ್ತಿಹಿಡಿಯಲು ಸುಪ್ರೀಂ ಕೋರ್ಟ್ ಆಧಾರ ಮಾಡಿಕೊಂಡದ್ದೂ ಇದನ್ನೇ. ಪ್ರಾರ್ಥನೆಯನ್ನು ನಿಲ್ಲಿಸಲು ಹೋದವರ ಹೆಸರಿನಲ್ಲಿ ದೇಶದ ಉದ್ದಗಲಕ್ಕೂ ಪ್ರಾರ್ಥನೆ ಭದ್ರವಾಯಿತು.

ಹೊಗಳಿಕೆಯ ಜೊತೆ ಬೇರೆ ಮಾತನ್ನೂ ಆಡಬೇಕು. ಅವರ ನಾಲಿಗೆ ಹರಿತ, ಎಷ್ಟೋ ಬಾರಿ ಅನಗತ್ಯವಾಗಿ. 2015ರ ಮಾರ್ಚ್‌ನಲ್ಲಿ ಬಂದೂಕಿನ ಕುರಿತ ವಿಚಾರಣೆಯೊಂದರಲ್ಲಿ, ತನ್ನ ಜನರಿಗೆ ಪೊಲೀಸರೇ ಐಸಿಸ್ ಇದ್ದ ಹಾಗೆ ಎಂಬರ್ಥದ ಮಾತಾಡಿ ರಾಜ್ಯವನ್ನೇ ಕೆರಳಿಸಿದರು. ರಾಜೀನಾಮೆ ಕೊಡಿ ಎಂದರೂ ಜಗ್ಗಲಿಲ್ಲ. 2006ರದ್ದು ಇದಕ್ಕಿಂತ ಗಂಭೀರ. ಒಮಾಹಾದ ಶಾಲಾ ಜಿಲ್ಲೆಯ (ಒಂದೇ ಆಡಳಿತದ ಕೆಳಗಿರುವ ಸರ್ಕಾರಿ ಶಾಲೆಗಳ ವಲಯ) ಗಡಿ ಜಗಳದಲ್ಲಿ ಅವರು ತಂದ ತಿದ್ದುಪಡಿ ಆ ಜಿಲ್ಲೆಯನ್ನು ಮೂರಾಗಿ ಒಡೆಯಲು ಹೊರಟಿತು. ಹೆಚ್ಚುಕಡಿಮೆ ಒಂದು ಕರಿಯರದು, ಒಂದು ಬಿಳಿಯರದು, ಒಂದು ಲ್ಯಾಟಿನ್ ಅಮೆರಿಕ ಮೂಲದವರದು ಎಂಬಂತೆ. ಶಾಲೆಗಳು ಹೇಗೂ ಪ್ರತ್ಯೇಕವಾಗಿಯೇ ಇವೆ, ನಮ್ಮ ಮಕ್ಕಳ ಶಾಲೆಯ ಆಡಳಿತವಾದರೂ ನಮ್ಮ ಕೈಯಲ್ಲಿರಲಿ ಎಂಬುದು ಅವರ ವಾದ. ಕರಿಯರ ಹಕ್ಕುಗಳಿಗಾಗಿ ಹೋರಾಡುವ ಅತಿ ಹಳೆಯ ಸಂಘಟನೆಯೇ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಮರುವರ್ಷ ಸದನ ಆ ಭಾಗವನ್ನು ರದ್ದು ಮಾಡಿತು. ಅವರ ರೋಗನಿರ್ಣಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಕಾನೂನಿನಲ್ಲಿ ಜನಾಂಗದ ಗೆರೆ ಎಳೆಯುವ ಔಷಧ ಯಾರ ಕೈಯಲ್ಲಿದ್ದರೂ ಅಪಾಯದ್ದೇ. ಆ ವಿಷಯದಲ್ಲಿ ಅವರ ಟೀಕಾಕಾರರ ಪಕ್ಷ ನನ್ನದು.

ಇಷ್ಟಾಗಿಯೂ ಅವರ ನಿಜವಾದ ಹೋರಾಟ ಒಂದೇ: ಮರಣದಂಡನೆ. ಅದನ್ನು ರದ್ದು ಮಾಡುವ ಮಸೂದೆಯನ್ನು ಅವರು ಸದನದಲ್ಲಿದ್ದಷ್ಟು ಕಾಲವೂ ಬಿಡದೆ ಮತ್ತೆ ಮತ್ತೆ ತಂದರು. 1979ರಲ್ಲಿ ಒಮ್ಮೆ ಪಾಸಾಯಿತು, ಗವರ್ನರ್ ಚಾರ್ಲ್ಸ್ ಥೋನ್ ವೀಟೊ ಹಾಕಿದರು. 1994, 1996, 1997ರಲ್ಲಿ ಒಬ್ಬೊಬ್ಬರಂತೆ ಮೂವರನ್ನು ವಿದ್ಯುತ್ ಕುರ್ಚಿಯಲ್ಲಿ ಕೊಂದರು. ಆಮೇಲೆ 21 ವರ್ಷ ಯಾರನ್ನೂ ಕೊಲ್ಲಲಿಲ್ಲ. 2008ರ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ವಿದ್ಯುತ್ ಕುರ್ಚಿ ಕ್ರೂರ, ಸಂವಿಧಾನಕ್ಕೆ ವಿರುದ್ಧ ಎಂದಿತು. ಅಮೆರಿಕದಲ್ಲಿ ಬೇರೆ ದಾರಿಯೇ ಇಲ್ಲದೆ ಬರೀ ಕುರ್ಚಿಯನ್ನು ನೆಚ್ಚಿಕೊಂಡಿದ್ದ ರಾಜ್ಯ ಅದೊಂದೇ ಆಗಿತ್ತು. ಅಂದರೆ ಶಿಕ್ಷೆ ಕಾನೂನಿನಲ್ಲಿದೆ, ಜಾರಿ ಮಾಡುವ ಉಪಾಯವಿಲ್ಲ. ಬದಲಿ ವಿಧಾನ ತರಲು ಆ ವರ್ಷ ಸದನದಿಂದ ಆಗಲಿಲ್ಲ, ಚೇಂಬರ್ಸ್ ಇನ್ನೂ ಅಲ್ಲಿದ್ದರು. 2009ರ ಜನವರಿಯಲ್ಲಿ ಅವರು ಹೊರಗೆ ಹೋದರು. ಅದೇ ಮೇ ತಿಂಗಳಲ್ಲಿ ವಿಷದ ಚುಚ್ಚುಮದ್ದಿನ ಕಾನೂನು ಬಂತು. ಒಬ್ಬ ಶಾಸಕನ ಬೆಲೆ ಎಷ್ಟೆಂದು ಅವನಿಲ್ಲದಾಗ ಏನಾಗುತ್ತದೆ ಎಂಬುದರಿಂದ ಅಳೆಯುವುದಾದರೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ.

ಹೊರಗೆ ಹೋದದ್ದು ಸೋತಲ್ಲ. ಸತತ ಎರಡು ಅವಧಿ, ಅಂದರೆ ಎಂಟು ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ಶಾಸಕರಾಗಿರಬಾರದು ಎಂದು 2000ದಲ್ಲಿ ಜನಮತದಿಂದ ಸಂವಿಧಾನ ತಿದ್ದಲಾಯಿತು. ಚೇಂಬರ್ಸ್ ಅವರನ್ನು ಹೊರಹಾಕಲೆಂದೇ ಇದನ್ನು ತಂದರು ಎಂದು ಅಲ್ಲಿ ಬಹಳ ಜನ ನಂಬುತ್ತಾರೆ. ಅವರನ್ನು ಚುನಾವಣೆಯಲ್ಲಿ ಸೋಲಿಸುವ ದಾರಿ 11ನೇ ಕ್ಷೇತ್ರದ ಹೊರಗಿನವರಿಗೆ ಇರಲಿಲ್ಲವಲ್ಲ. ಆದರೆ ಆ ತಿದ್ದುಪಡಿಯಲ್ಲಿ ನಾಲ್ಕು ವರ್ಷ ಬಿಟ್ಟು ಮತ್ತೆ ನಿಲ್ಲಬಾರದು ಎಂದು ಎಲ್ಲೂ ಬರೆದಿರಲಿಲ್ಲ. ನಿಯಮವನ್ನು ಅಕ್ಷರಶಃ ಓದುವವರಿಗೆ ಅಷ್ಟು ಸಾಕು. ನಡುವಿನ ನಾಲ್ಕು ವರ್ಷ ಒಮಾಹಾ ಪ್ರದೇಶದ ಶಾಲೆಗಳ ಮಂಡಳಿಯೊಂದರಲ್ಲಿ ಕೂತರು. 2012ರಲ್ಲಿ ನಿಂತು, ಹಾಲಿ ಶಾಸಕಿಯನ್ನೇ ಸೋಲಿಸಿ, 75ನೇ ವಯಸ್ಸಿನಲ್ಲಿ ಮತ್ತೆ ಬಂದರು.

ಬಂದ ವರ್ಷವೇ ಮರಣದಂಡನೆಯ ಮಸೂದೆ ಮತ್ತೆ ಸದನದಲ್ಲಿತ್ತು. ಈ ಸಲ ಫಿಲಿಬಸ್ಟರ್ ಮಾಡಿದವರು ಎದುರಾಳಿಗಳು. 33 ಮತ ಕೂಡದೆ ಅವರ ಮಸೂದೆ ಅವರದೇ ಆಯುಧಕ್ಕೆ ಬಿತ್ತು. 2015ರಲ್ಲಿ ಮತ್ತೊಮ್ಮೆ ತಂದರು. ಆಗ ಗಾಳಿ ಬದಲಾಗಿತ್ತು. ಸಂಪ್ರದಾಯವಾದಿ ಶಾಸಕರಲ್ಲೇ ಹಲವರು ಬೇರೆ ಬೇರೆ ಕಾರಣಗಳಿಂದ ಜೊತೆಗೆ ಬಂದರು. ಜೀವ ತೆಗೆಯುವುದು ತಪ್ಪು ಎಂಬ ಕ್ಯಾಥೊಲಿಕ್ ನಂಬಿಕೆ ಕೆಲವರದು, ದಶಕಗಟ್ಟಲೆ ಮೇಲ್ಮನವಿಗೆ ಖರ್ಚು ಮಾಡಿಯೂ ಜಾರಿಯಾಗದ ಶಿಕ್ಷೆ ಸರ್ಕಾರದ ದುಂದುವೆಚ್ಚ ಎಂಬ ಸಿಟ್ಟು ಕೆಲವರದು. ಚುಚ್ಚುಮದ್ದಿಗೆ ಬೇಕಾದ ಔಷಧವನ್ನು ಕಂಪನಿಗಳು ಕೊಡುವುದನ್ನು ನಿಲ್ಲಿಸಿದ್ದವು. ಇಲ್ಲಿ ನಮ್ಮ ದೇಶ ಕಥೆಯೊಳಗೆ ಬರುತ್ತದೆ. ಚರ್ಚೆ ನಡೆಯುತ್ತಿದ್ದ ಮೇ ತಿಂಗಳಲ್ಲೇ ಗವರ್ನರ್ ಪೀಟ್ ರಿಕೆಟ್ಸ್, ಔಷಧ ಸಿಕ್ಕಿತು ಎಂದು ಘೋಷಿಸಿದರು. ಭಾರತದ ಮಧ್ಯವರ್ತಿಯೊಬ್ಬನಿಗೆ ನೆಬ್ರಾಸ್ಕಾ ಸರ್ಕಾರ 54,400 ಡಾಲರ್ ಕೊಟ್ಟಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ಔಷಧದ ಆಮದನ್ನೇ ಒಪ್ಪುತ್ತಿರಲಿಲ್ಲ. ಅದು ನೆಬ್ರಾಸ್ಕಾವನ್ನು ತಲುಪಲೇ ಇಲ್ಲ.

ಮಸೂದೆ 32ಕ್ಕೆ 15 ಮತಗಳಿಂದ ಪಾಸಾಯಿತು. ಗವರ್ನರ್ ವೀಟೊ ಹಾಕಿದರು. ವೀಟೊ ಮುರಿಯಲು ಬೇಕಾದದ್ದು 30 ಮತ. 2015ರ ಮೇ 27ರಂದು ಸದನ ಮತ ಹಾಕಿದಾಗ ಪರವಾಗಿ 30, ವಿರುದ್ಧವಾಗಿ 19. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಸುಮಾರು ನಲವತ್ತು ವರ್ಷ ಒಂದೇ ಮಸೂದೆಯನ್ನು ಹೊತ್ತು ತಿರುಗಿದವರು ಆಗ 77 ವರ್ಷದವರಾಗಿದ್ದರು.

ಅದು ಉಳಿಯಲಿಲ್ಲ. ಶಾಸಕಾಂಗ ಮಾಡಿದ ಕಾನೂನನ್ನು ಸಹಿ ಸಂಗ್ರಹಿಸಿ ಜನಮತಕ್ಕೆ ಹಾಕಿಸುವ ಅವಕಾಶ ಆ ರಾಜ್ಯದಲ್ಲಿದೆ. ಗವರ್ನರ್ ಮತ್ತು ಅವರ ಶ್ರೀಮಂತ ತಂದೆ ಆ ಚಳವಳಿಗೆ ಸ್ವಂತ ಹಣ ಹಾಕಿದರು. 2016ರ ನವೆಂಬರ್‌ನಲ್ಲಿ ಶೇಕಡಾ 61ರಷ್ಟು ಜನ ಮರಣದಂಡನೆ ಬೇಕು ಎಂದರು. 2018ರ ಆಗಸ್ಟ್‌ನಲ್ಲಿ ಕೇರಿ ಡೀನ್ ಮೂರ್ ಎಂಬ ಕೈದಿಗೆ ಶಿಕ್ಷೆ ಜಾರಿಯಾಯಿತು. ಬಳಸಿದ ಔಷಧಗಳಲ್ಲಿ ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕವೂ ಒಂದು. ಅಮೆರಿಕದಲ್ಲಿ ಅದನ್ನು ಮರಣದಂಡನೆಗೆ ಬಳಸಿದ್ದು ಅದೇ ಮೊದಲು. ಚೇಂಬರ್ಸ್ ಆಗಲೂ ಶಾಸಕರೇ.

ಹಾಗಾದರೆ ಲೆಕ್ಕ ಏನಾಯಿತು? ತಡೆಯುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. ಕಟ್ಟುವುದರಲ್ಲಿ ಗೆಲುವು ಚಿಕ್ಕ ಚಿಕ್ಕದಾಗಿ, ಆದರೆ ಗಟ್ಟಿಯಾಗಿ ಬಂತು: ವಾರ್ಡು ಚುನಾವಣೆ ಉಳಿದಿದೆ, ಶಾಲೆಗಳಿಗೆ ಬೆತ್ತ ಮರಳಿ ಬಂದಿಲ್ಲ. ಅತಿ ದೊಡ್ಡ ಗೆಲುವು ಒಂದೂವರೆ ವರ್ಷದೊಳಗೆ ಜನಮತದಲ್ಲಿ ಬಿದ್ದುಹೋಯಿತು. ಸದನದ ಸಮಯ ಅವರ ಹಿಡಿತದಲ್ಲಿತ್ತು, ಸದನದ ಹೊರಗಿನ ಮತದಾರರು ಇರಲಿಲ್ಲ. 48 ಜನರನ್ನು ಕಟ್ಟಿಹಾಕಬಲ್ಲವರಿಗೆ ಇಡೀ ರಾಜ್ಯವನ್ನು ಒಲಿಸುವ ಕಲೆ ಬರಲಿಲ್ಲ, ಒಲಿಸಬೇಕೆಂದು ಅವರಿಗೆ ಅನ್ನಿಸಿದಂತೆಯೂ ಇಲ್ಲ.

2021ರ ಜನವರಿಯಲ್ಲಿ ಅವಧಿ ಮಿತಿ ಅವರನ್ನು ಎರಡನೇ ಸಲ ಹೊರಗೆ ಕಳಿಸಿತು, ಆಗ ಅವರಿಗೆ 83. ಅವರ ಜಾಗಕ್ಕೆ ಟೆರೆಲ್ ಮೆಕಿನಿ ಬಂದರು. 2023ರಲ್ಲಿ ಒಮಾಹಾದವರೇ ಆದ ಮೆಕೇಲಾ ಕ್ಯಾವನಾ ಎಂಬ ಶಾಸಕಿ, ಲಿಂಗಪರಿವರ್ತಿತ ಅಪ್ರಾಪ್ತರ ಚಿಕಿತ್ಸೆಗೆ ನಿರ್ಬಂಧ ಹೇರುವ ಮಸೂದೆಯನ್ನು ವಿರೋಧಿಸಿ, ಆ ಅಧಿವೇಶನದ ಬೇರೆಲ್ಲ ಮಸೂದೆಗಳ ಮೇಲೂ ಫಿಲಿಬಸ್ಟರ್ ಮಾಡಿದರು. ವಾರಗಟ್ಟಲೆ ಕಲಾಪ ಕುಂಟಿತು. ಕೊನೆಗೆ ಆ ಮಸೂದೆಯ ಪರವಾಗಿ ಸರಿಯಾಗಿ 33 ಮತ ಬಿದ್ದು ಚರ್ಚೆ ಮುಗಿಯಿತು, ಮಸೂದೆ ಪಾಸಾಯಿತು.